ಹಾಲಿನ ಹಣದಲ್ಲಿ ಒಂದು ಪಾಲು: ಹೃದಯ, ಶ್ವಾಸಕೋಶದ ರೋಗಿಗಳಿಗೆ ನಮ್ಮ ನೆರವು ಹೇಗಿರಬೇಕು?



ಬೆಳಿಗ್ಗೆ ಸಂಘದ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತೀರಿ. ದಿನವೂ ನಿಮ್ಮ ಮುಂದೆ ನಿಲ್ಲುವ ಅಕ್ಕ ಅಂದು ಬಂದಿರುವುದಿಲ್ಲ. "ಅವರ ಯಜಮಾನರಿಗೆ ರಾತ್ರಿ ಎದೆನೋವು ಬಂತಂತೆ, ಬೆಂಗಳೂರಿಗೆ ಕರಕೊಂಡು ಹೋದರಂತೆ" ಎಂದು ಯಾರೋ ಹೇಳುತ್ತಾರೆ. ಎಲ್ಲರೂ ಅಯ್ಯೋ ಪಾಪ ಅನ್ನುತ್ತೇವೆ. ಹಾಲು ಅಳೆಸಿ ಮನೆಗೆ ಹೋಗುತ್ತೇವೆ. ಹದಿನೈದು ದಿನ ಕಳೆದ ಮೇಲೆ ಆ ಮನೆಯ ಕರೆಯುವ ಹಸು ಮಾರಾಟಕ್ಕಿದೆ ಎಂಬ ಸುದ್ದಿ ಬರುತ್ತದೆ.

ಇಂಥದ್ದು ಬಾಶೆಟ್ಟಿಹಳ್ಳಿಯ ಸುತ್ತ ಯಾವ ಊರಿನಲ್ಲಾದರೂ ನಡೆಯಬಹುದು. ನಮ್ಮಲ್ಲಿ ಕೊಡುವ ಮನಸ್ಸಿಗೆ ಕೊರತೆಯಿಲ್ಲ. ಜಾತ್ರೆಗೆ, ಅನ್ನದಾನಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ರೋಗಿಗಳ ವಿಷಯದಲ್ಲಿ ಮಾತ್ರ ನಮ್ಮ ನೆರವು ಎರಡು ಕಡೆ ತಪ್ಪುತ್ತದೆ. ಒಂದು, ಕಾಯಿಲೆ ಬಂದ ಮೇಲೆ ಗಡಿಬಿಡಿಯಲ್ಲಿ ಕೊಡುತ್ತೇವೆ. ಎರಡು, ಒಬ್ಬೊಬ್ಬರೇ ಕೊಡುತ್ತೇವೆ. ಮುಂಚಿತವಾಗಿ, ಎಲ್ಲರೂ ಸೇರಿ, ಸ್ವಲ್ಪ ಸ್ವಲ್ಪವೇ ಕೊಟ್ಟರೆ ಅದೇ ಹಣ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುತ್ತದೆ. ಅದು ಹೇಗೆ ಎಂದು ಈ ಲೇಖನದಲ್ಲಿ ನೋಡೋಣ.

ಕೊಡುವವರಿಂದ ಬೆಳೆದ ಆಸ್ಪತ್ರೆಗಳು

ನಮ್ಮ ನಾಡಿನಲ್ಲಿ ಎದೆರೋಗದ ಆಸ್ಪತ್ರೆಗಳ ಹಿಂದೆ ದಾನದ ದೊಡ್ಡ ಕಥೆಯೇ ಇದೆ. ನೂರು ವರ್ಷದ ಹಿಂದೆ ಕ್ಷಯಕ್ಕೆ ಔಷಧವೇ ಇರಲಿಲ್ಲ. ಅರಮನೆಯನ್ನೂ ಆ ರೋಗ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಮತ್ತು ಅವರ ಹೆಣ್ಣುಮಕ್ಕಳು ಕ್ಷಯದಿಂದಲೇ ತೀರಿಕೊಂಡರು. ಆ ದುಃಖದಲ್ಲಿ ಒಡೆಯರು ಸಹೋದರಿಯ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಕಟ್ಟಿಸಿದರು. 1921ರಲ್ಲಿ ಆರಂಭವಾದ ಅದನ್ನೇ ಇಂದು ಪಿಕೆಟಿಬಿ ಸ್ಯಾನಿಟೋರಿಯಂ ಎಂದು ಕರೆಯುತ್ತಾರೆ. ತಮ್ಮ ಮನೆಯ ನೋವು ಊರವರ ಮನೆಗೆ ಬಾರದಿರಲಿ ಎಂದು ಕೊಟ್ಟ ಕೊಡುಗೆ ಅದು.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹತ್ತಿರ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಹಳಬರು ಅದನ್ನು ಎಸ್‌ಡಿಎಸ್ ಟಿಬಿ ಆಸ್ಪತ್ರೆ ಅನ್ನುತ್ತಾರೆ. ಎಸ್‌ಡಿಎಸ್ ಅಂದರೆ ಶಾಂತಾಬಾಯಿ ದೇವರಾವ್ ಶಿವರಾಮ್. ಉಸಿರಾಟದ ತೊಂದರೆ, ಕ್ಷಯ, ಶ್ವಾಸಕೋಶದ ಬೇರೆ ಕಾಯಿಲೆಗಳಿಗೆ ಬಡವರು ಹೋಗುವ ಜಾಗ ಅದು.

ಹೃದಯದ ವಿಷಯಕ್ಕೆ ಬಂದರೆ ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ಜಯದೇವ. ಬನ್ನೇರುಘಟ್ಟ ರಸ್ತೆಯಲ್ಲಿರುವ ಈ ಸರ್ಕಾರಿ ಸ್ವಾಯತ್ತ ಸಂಸ್ಥೆಗೆ ಮೈಸೂರು, ಕಲಬುರಗಿಯಲ್ಲೂ ಶಾಖೆಗಳಿವೆ. ಇಲ್ಲಿ ಬಡರೋಗಿಗಳಿಗೆಂದೇ ದಾನಿಗಳು ಕೊಟ್ಟ ಹಣದ ನಿಧಿ ಇದೆ. 2021ರ ನವೆಂಬರಿನಲ್ಲಿ ಇದೇ ಆವರಣದಲ್ಲಿ 350 ಹಾಸಿಗೆಗಳ ಹೊಸ ಕಟ್ಟಡ ಶುರುವಾಯಿತು. ಅದನ್ನು ಕಟ್ಟಿಸಿಕೊಟ್ಟದ್ದು ಇನ್ಫೋಸಿಸ್ ಫೌಂಡೇಷನ್. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಂತೂ 2001ರ ಜನವರಿಯಿಂದ ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತಾ ಬಂದಿದೆ. ಆ ಖರ್ಚೆಲ್ಲ ನಡೆಯುವುದು ದಾನದಿಂದ.

ಇದನ್ನೆಲ್ಲ ಓದಿ "ಅರಸರು, ಕಂಪನಿಯವರು ಕೊಟ್ಟರು, ನಾವೇನು ಕೊಟ್ಟೇವು?" ಅನ್ನಿಸಬಹುದು. ಅದಕ್ಕೆ ಉತ್ತರ ಸಹಕಾರ ಸಂಘಗಳಲ್ಲೇ ಇದೆ.

ತಿಂಗಳಿಗೆ ಐದು ರೂಪಾಯಿಯ ಪಾಠ

ಇಪ್ಪತ್ತು ವರ್ಷದ ಹಿಂದಿನ ಮಾತು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಹೃದಯತಜ್ಞ ಡಾ. ದೇವಿ ಶೆಟ್ಟಿಯವರು ಮತ್ತು ರಾಜ್ಯದ ಸಹಕಾರ ಇಲಾಖೆ ಸೇರಿ ರೂಪಿಸಿದ ಯೋಜನೆ ಅದು. ಒಬ್ಬ ಸದಸ್ಯರು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು. ಸರ್ಕಾರವೂ ಒಂದು ಪಾಲು ಸೇರಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅರವತ್ತು ರೂಪಾಯಿ ಯಾವ ಆಪರೇಷನ್ನಿಗೂ ಸಾಲದು. ಆದರೆ ಲಕ್ಷಾಂತರ ಜನರ ಅರವತ್ತು ರೂಪಾಯಿ ಒಂದು ಕಡೆ ಸೇರಿದಾಗ ಹೃದಯದ ಆಪರೇಷನ್ನುಗಳೂ ನಡೆದವು.

ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ವರ್ಷ ನಿಮಗೆ ಕಾಯಿಲೆ ಬರಲಿಲ್ಲ ಅಂದುಕೊಳ್ಳಿ. ನೀವು ಕಟ್ಟಿದ ಹಣ ವ್ಯರ್ಥವಾಯಿತೇ? ಇಲ್ಲ. ಅದು ಇನ್ಯಾವುದೋ ಊರಿನ, ನೀವು ಮುಖ ನೋಡದ ಒಬ್ಬ ರೈತ ಮಹಿಳೆಯ ಎದೆಯ ಆಪರೇಷನ್ನಿಗೆ ಹೋಯಿತು. ನಿಮಗೆ ಕಾಯಿಲೆ ಬಂದ ವರ್ಷ ಆಕೆಯ ಹಣ ನಿಮಗೆ ಬರುತ್ತದೆ. ದಾನ ಎಂಬ ಹೆಸರಿಲ್ಲದ ದಾನ ಇದು. ಪಡೆಯುವವರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಲಾಯಿತು. ಸಹಕಾರಿಗಳ ಒತ್ತಾಯದ ಮೇಲೆ 2023ರ ಜನವರಿಯಿಂದ ಮತ್ತೆ ಆರಂಭವಾಯಿತು. ಮತ್ತೆ ಆರಂಭಿಸಿದಾಗ ಗ್ರಾಮೀಣ ಸಂಘಗಳ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಅದಕ್ಕಿಂತ ಹೆಚ್ಚಿನ ಪ್ರತಿ ಸದಸ್ಯರಿಗೆ 100 ರೂಪಾಯಿ ಎಂದು ನಿಗದಿಯಾಯಿತು. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರ ಭರಿಸುತ್ತದೆ. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ಯೋಜನೆಯ ಆಸ್ಪತ್ರೆಗಳಲ್ಲಿ ನಗದು ಕೊಡದೆ ಸೌಲಭ್ಯ ಸಿಗುತ್ತದೆ.

ನೋಂದಣಿಗೆ ಪ್ರತಿ ವರ್ಷ ಕೊನೆಯ ದಿನಾಂಕ ಇರುತ್ತದೆ. ಎದೆನೋವು ಬಂದ ರಾತ್ರಿ ಅದನ್ನು ಕೇಳಿದರೆ ಪ್ರಯೋಜನವಿಲ್ಲ. ಆದ್ದರಿಂದ ಮೊದಲ ಕೆಲಸ ಇದು: ನಿಮ್ಮ ಕುಟುಂಬದ ನೋಂದಣಿ ಆಗಿದೆಯೇ ಎಂದು ಸಂಘದ ಕಾರ್ಯದರ್ಶಿಯವರನ್ನು ಈ ವಾರವೇ ಕೇಳಿ. ಎರಡನೆಯ ಕೆಲಸ, ನಿಮ್ಮ ಸಂಘದಲ್ಲಿ 500 ರೂಪಾಯಿ ಒಟ್ಟಿಗೆ ಕಟ್ಟಲಾಗದೆ ಹಿಂದೆ ಉಳಿದವರು ಯಾರಿದ್ದಾರೆ ನೋಡಿ. ಒಂದೇ ಹಸು ಕಟ್ಟಿಕೊಂಡ ವಿಧವೆ ಇರಬಹುದು, ವಯಸ್ಸಾದ ದಂಪತಿ ಇರಬಹುದು. ಅವರ ವಂತಿಗೆಯನ್ನು ಉಳಿದವರು ಹಂಚಿಕೊಂಡು ಕಟ್ಟಿದರೆ, ಆ 500 ರೂಪಾಯಿಗಿಂತ ದೊಡ್ಡ ದಾನ ಬೇರೆ ಹುಡುಕಬೇಕಾಗಿಲ್ಲ. ಬಿಪಿಎಲ್ ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆ ಕಾರ್ಡನ್ನೂ ಮಾಡಿಸಿಟ್ಟುಕೊಳ್ಳಿ.

ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣದ ಖರ್ಚು

ಯೋಜನೆಗಳಿವೆ, ಉಚಿತ ಆಸ್ಪತ್ರೆಗಳಿವೆ, ಹಾಗಿದ್ದರೂ ಹಸು ಏಕೆ ಮಾರಾಟವಾಗುತ್ತದೆ? ಏಕೆಂದರೆ ಆಪರೇಷನ್ ಖರ್ಚು ಒಂದು ಭಾಗ ಮಾತ್ರ. ಬಾಶೆಟ್ಟಿಹಳ್ಳಿಯಿಂದ ಜಯದೇವಕ್ಕೆ ಹೋಗುವುದೆಂದರೆ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. ಹೋಗಿ ಬರುವ ಗಾಡಿ ಬಾಡಿಗೆ, ಜೊತೆಗಿರುವವರ ಊಟ ತಿಂಡಿ, ಮನೆಗೆ ಬಂದ ಮೇಲೆ ತಿಂಗಳು ತಿಂಗಳೂ ನುಂಗಬೇಕಾದ ಮಾತ್ರೆ, ಮತ್ತೆ ಮತ್ತೆ ತೋರಿಸಲು ಹೋಗುವ ಖರ್ಚು ಇವೆಲ್ಲ ಮನೆಯವರ ಮೇಲೇ ಬೀಳುತ್ತವೆ. ಅದೇ ಹೊತ್ತಿಗೆ ದುಡಿಯುವವರ ಕೂಲಿ, ಫ್ಯಾಕ್ಟರಿ ಸಂಬಳ ನಿಂತಿರುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಕೊಟ್ಟಿಗೆಯಲ್ಲಿ ಆಗುತ್ತದೆ. ಗಂಡನ ಜೊತೆ ಆಸ್ಪತ್ರೆಯ ವರಾಂಡದಲ್ಲಿ ಕುಳಿತ ಹೆಂಗಸಿನ ಹಸುವನ್ನು ಎರಡು ಹೊತ್ತು ಕರೆಯುವವರು ಯಾರು? ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಬಾವು ಬರುತ್ತದೆ, ಹಾಲು ಇಳಿಯುತ್ತದೆ. ಮೇವು, ಹಿಂಡಿ, ಬೂಸಾ ಹಾಕುವವರಿಲ್ಲದೆ ಹಸು ಸೊರಗುತ್ತದೆ. ಮುಂದಿನ ಬಟವಾಡೆಯಲ್ಲಿ ಆ ಮನೆಗೆ ಏನೂ ಬರುವುದಿಲ್ಲ. ಕೊನೆಗೆ ಸಿಕ್ಕಿದ ಬೆಲೆಗೆ ಹಸು ಹೋಗುತ್ತದೆ. ಗಂಡ ಗುಣವಾಗಿ ಮನೆಗೆ ಬಂದಾಗ ಮಾತ್ರೆ ತರುವ ಹಣದ ದಾರಿಯೇ ಮುಚ್ಚಿರುತ್ತದೆ.

ಈ ನಷ್ಟವನ್ನು ಯಾವ ಸರ್ಕಾರಿ ಯೋಜನೆಯೂ ತುಂಬುವುದಿಲ್ಲ. ಯಾವ ಕಂಪನಿಯ ದಾನವೂ ಇಲ್ಲಿಗೆ ತಲುಪುವುದಿಲ್ಲ. ಇದನ್ನು ತುಂಬಬಲ್ಲವರು ಅದೇ ಬೀದಿಯಲ್ಲಿ ಹಸು ಕರೆಯುವ ನೀವು ಮಾತ್ರ.

ನಮ್ಮ ಹಿರಿಯರಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಹೊಲದಲ್ಲಿ ನಾವು, ನಾಳೆ ನಮ್ಮ ಹೊಲದಲ್ಲಿ ನೀವು. ಅದನ್ನೇ ಕೊಟ್ಟಿಗೆಗೂ ತರಬಹುದು. ಸದಸ್ಯೆಯೊಬ್ಬರು ಆಸ್ಪತ್ರೆಯಲ್ಲಿ ಇರುವಷ್ಟು ದಿನ ಅಕ್ಕಪಕ್ಕದ ಇಬ್ಬರು ಅವರ ಹಸುವನ್ನು ಕರೆದು, ಮೇವು ಹಾಕಿ, ಹಾಲನ್ನು ಅವರದೇ ನಂಬರಿಗೆ ಸಂಘದಲ್ಲಿ ಹಾಕಬೇಕು. ಬಟವಾಡೆ ಅವರ ಖಾತೆಗೇ ಹೋಗಬೇಕು. ಒಬ್ಬರ ಮೇಲೇ ಭಾರ ಬೀಳದಂತೆ ವಾರಕ್ಕೊಮ್ಮೆ ಸರದಿ ಬದಲಾಯಿಸಿ. ಕೈ ಬದಲಾದರೆ ಕೆಲವು ಹಸುಗಳು ಸೊರ ಬಿಡುವುದಿಲ್ಲ. ಆದ್ದರಿಂದ ಒಬ್ಬರ ಹಸುವನ್ನು ಇನ್ನೊಬ್ಬರು ಆಗಾಗ ಕರೆದು ಪರಿಚಯ ಮಾಡಿಕೊಂಡಿರುವುದು ಒಳ್ಳೆಯದು. ಇದಕ್ಕೆ ಹಣ ಬೇಡ, ದಿನಕ್ಕೆ ಎರಡು ಹೊತ್ತು ಸ್ವಲ್ಪ ಸಮಯ ಬೇಕು. ಹೃದಯದ ರೋಗಿಗೆ ಊರು ಕೊಡಬಹುದಾದ ಅತಿ ದೊಡ್ಡ ಕೊಡುಗೆ ಇದು.

ಮೊದಲ ಗಂಟೆಯಲ್ಲಿ ಕೊಡುವ ನೆರವು

ನಮ್ಮ ನಂದಿನಿ ಹಾಲಿನ ಪ್ರಚಾರಕ್ಕೆ ಸಂಭಾವನೆ ಪಡೆಯದೆ ನಿಂತಿದ್ದ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 46 ವರ್ಷ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು 2023ರಲ್ಲಿ ಆರಂಭಿಸಿತು. ಆಯ್ದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರ ಸಲಹೆಯಂತೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಇದು. ಹೊರಗೆ ಕೊಂಡರೆ ಈ ಇಂಜೆಕ್ಷನ್ನಿಗೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ.

ಎದೆನೋವು ಬಂದಾಗ ಮೊದಲ ಒಂದು ಗಂಟೆ ಬಹಳ ಮುಖ್ಯ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಸಿ ಬೆಳಗಾಗಲಿ ಅನ್ನುವುದರಲ್ಲೇ ಆ ಗಂಟೆ ಕಳೆದುಹೋಗುತ್ತದೆ. ಎದೆ ಹಿಂಡಿದಂತಾಗಿ ಎಡಗೈ, ದವಡೆ, ಬೆನ್ನಿಗೆ ನೋವು ಹರಡಿದರೆ, ಬೆವರು ಸುರಿದರೆ, ಉಸಿರು ಕಟ್ಟಿದರೆ ತಡಮಾಡದೆ ಹೊರಡಿ. ಹೆಂಗಸರಲ್ಲಿ ಎದೆನೋವು ಜೋರಾಗಿ ಕಾಣದೆ ಬರೀ ಸುಸ್ತು, ವಾಕರಿಕೆ, ಉಸಿರಾಟದ ಕಷ್ಟವಾಗಿಯೂ ಕಾಣಿಸಬಹುದು. 108ಕ್ಕೆ ಕರೆ ಮಾಡಿ. ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ವ್ಯವಸ್ಥೆ ಹೇಗಿದೆ ಎಂದು ಆಶಾ ಕಾರ್ಯಕರ್ತೆಯರಿಂದ ಈಗಲೇ ತಿಳಿದಿಟ್ಟುಕೊಳ್ಳಿ. ರಾತ್ರಿ ಹೊತ್ತು ಕರೆದರೆ ಬರುವ ಕಾರು, ಆಟೋದವರ ಎರಡು ಮೂರು ನಂಬರು ಸಂಘದ ಗೋಡೆಯ ಮೇಲೆ ಬರೆಸಿ. ಆ ರಾತ್ರಿಯ ಬಾಡಿಗೆಯನ್ನು ಸಂಘದ ನಿಧಿಯಿಂದ ಕೊಡುತ್ತೇವೆ ಎಂದು ಮೊದಲೇ ತೀರ್ಮಾನಿಸಿದ್ದರೆ ಯಾವ ಮನೆಯವರೂ ಬಾಡಿಗೆಗೆ ಅಂಜಿ ಬೆಳಗಾಗಲಿ ಎಂದು ಕಾಯುವುದಿಲ್ಲ.

ರಕ್ತವೂ ದಾನವೇ. ಹೃದಯದ ಆಪರೇಷನ್ನಿಗೆ ರಕ್ತ ಬೇಕಾಗುತ್ತದೆ. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕೆ.ಜಿ. ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ನಮ್ಮಲ್ಲಿ ಅನೇಕರಿಗೆ ರಕ್ತಹೀನತೆ ಇರುತ್ತದೆ. ಪರೀಕ್ಷೆಯಲ್ಲಿ ಕಡಿಮೆ ಎಂದು ಬಂದರೆ ಬೇಸರ ಬೇಡ, ಅದು ನಿಮಗೇ ಚಿಕಿತ್ಸೆ ಬೇಕೆಂದು ತಿಳಿಸಿದ ಹಾಗಾಯಿತು.

ಕ್ಷಯ ರೋಗಿಗೆ ಆಹಾರದ ಬುಟ್ಟಿ

ಶ್ವಾಸಕೋಶದ ರೋಗಿಗಳಲ್ಲಿ ನಾವು ಇಲ್ಲಿಂದಲೇ ನೇರವಾಗಿ ನೆರವಾಗಬಹುದಾದವರು ಕ್ಷಯ ರೋಗಿಗಳು. ಔಷಧ ಸರ್ಕಾರದಿಂದ ಉಚಿತ. ಆದರೆ ಕನಿಷ್ಠ ಆರು ತಿಂಗಳು ಬಿಡದೆ ಔಷಧ ನುಂಗಬೇಕು, ಅದರ ಜೊತೆ ಹೊಟ್ಟೆ ತುಂಬ ಪೌಷ್ಟಿಕ ಊಟ ಬೇಕು. ಊಟವಿಲ್ಲದೆ ಔಷಧ ನುಂಗಿದವರು ನಿತ್ರಾಣವಾಗಿ ಅರ್ಧಕ್ಕೇ ಬಿಟ್ಟುಬಿಡುವುದುಂಟು. ಅರ್ಧಕ್ಕೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯವಾಗಿ ತಿರುಗುವ ಅಪಾಯವಿದೆ. ರೋಗಿಯ ಊಟಕ್ಕೆಂದು ಸರ್ಕಾರ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಿದೆ. ದುಡಿಮೆ ನಿಂತ ಮನೆಯಲ್ಲಿ ಆ ಹಣವನ್ನು ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ, ರೋಗಿಯ ಪಾಲಿಗೆ ಉಳಿಯುವುದು ಸ್ವಲ್ಪ.

ಇದಕ್ಕಾಗಿ 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನಿಕ್ಷಯ್ ಮಿತ್ರ ಎಂಬ ವ್ಯವಸ್ಥೆ ತಂದಿತು. ಯಾರು ಬೇಕಾದರೂ, ಸಹಕಾರ ಸಂಘಗಳೂ ಸಹ, ಒಬ್ಬ ಅಥವಾ ಹೆಚ್ಚು ರೋಗಿಗಳಿಗೆ ಕನಿಷ್ಠ ಆರು ತಿಂಗಳು ಆಹಾರದ ಬುಟ್ಟಿ ಕೊಡುವ ಹೊಣೆ ಹೊರಬಹುದು. ದೊಡ್ಡವರಿಗೆ ತಿಂಗಳಿಗೆ ಸೂಚಿಸಿದ ಬುಟ್ಟಿ ಹೀಗಿದೆ: 3 ಕೆ.ಜಿ. ಅಕ್ಕಿ, ರಾಗಿಯಂಥ ಧಾನ್ಯ, ಒಂದೂವರೆ ಕೆ.ಜಿ. ಬೇಳೆಕಾಳು, 250 ಗ್ರಾಂ ಅಡುಗೆ ಎಣ್ಣೆ, 1 ಕೆ.ಜಿ. ಹಾಲಿನ ಪುಡಿ ಅಥವಾ ಕಡಲೆಕಾಯಿ ಬೀಜ. ಸುಮಾರಾಗಿ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಆ ಬುಟ್ಟಿಯಲ್ಲಿ ಹಾಲಿನ ಪುಡಿ ಇದೆ, ನೋಡಿದಿರಾ? ನೀವು ಕರೆದ ಹಾಲೇ ಸುತ್ತಿ ಬಂದು ನಿಮ್ಮೂರಿನ ರೋಗಿಯ ಲೋಟ ಸೇರಬಹುದು.

ಒಂದು ಎಚ್ಚರಿಕೆ. ಕ್ಷಯ ಅಂದರೆ ಈಗಲೂ ಜನ ದೂರ ಸರಿಯುತ್ತಾರೆ. ಸೊಸೆಗೆ ಬಂದರೆ ತವರಿಗೆ ಕಳಿಸುವವರಿದ್ದಾರೆ, ಮದುವೆಯಾಗದ ಮಗಳಿಗೆ ಬಂದರೆ ಮುಚ್ಚಿಡುವವರಿದ್ದಾರೆ. ಆದ್ದರಿಂದ ರೋಗಿ ಒಪ್ಪಿದರೆ ಮಾತ್ರ ಹೆಸರು ಸೇರಿಸುವ ನಿಯಮವಿದೆ. ಬುಟ್ಟಿಯನ್ನು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ತಲುಪಿಸಿ. ಹಾರ ಹಾಕಿ, ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಬೇಡಿ. ಔಷಧ ಶುರುವಾದ ಕೆಲವು ವಾರಗಳಲ್ಲೇ ಸಾಮಾನ್ಯವಾಗಿ ರೋಗ ಹರಡುವುದು ಬಹಳ ಕಡಿಮೆಯಾಗುತ್ತದೆ ಎಂಬುದನ್ನು ಅಕ್ಕಪಕ್ಕದವರಿಗೆ ತಿಳಿಸಿ ಹೇಳುವುದೂ ಒಂದು ಸೇವೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಉಚಿತ.

ಕೊಡುವ ಮುನ್ನ ನೋಡಿ ಕೊಡಿ

ಮಗುವಿನ ಎದೆಯ ಮೇಲೆ ಪಟ್ಟಿ ಸುತ್ತಿದ ಫೋಟೋ, ಕೆಳಗೆ ಒಂದು ಫೋನ್‌ಪೇ ನಂಬರು. ಇಂಥ ಸಂದೇಶ ನಿಮಗೂ ಬಂದಿರುತ್ತದೆ. ಕೆಲವು ನಿಜ, ಕೆಲವು ಮೋಸ, ಇನ್ನು ಕೆಲವು ಎಷ್ಟೋ ವರ್ಷ ಹಳೆಯವು. ಹಣ ಕಳಿಸುವ ಮೊದಲು ರೋಗಿ ಯಾವ ಆಸ್ಪತ್ರೆಯಲ್ಲಿದ್ದಾರೆ, ಒಳರೋಗಿ ನಂಬರು ಏನು ಎಂದು ಕೇಳಿ. ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿ. ನಿಜವಾದರೆ ಆಸ್ಪತ್ರೆಯ ಖಾತೆಗೆ ರೋಗಿಯ ಹೆಸರಿನಲ್ಲಿ ಕಟ್ಟಿ ರಸೀತಿ ಪಡೆಯಿರಿ. ಮನೆ ಬಾಗಿಲಿಗೆ ಬಂದು ಹೃದಯದ ಆಪರೇಷನ್ ಎಂದು ಚಂದಾ ಕೇಳುವವರಿಗೂ ಇದೇ ಮಾತು.

ಮನೆಯಲ್ಲಿ ಆದಾಯ ತೆರಿಗೆ ಕಟ್ಟುವ ಮಗನೋ ಮಗಳೋ ಇದ್ದರೆ, 80ಜಿ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟ ದಾನಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಮಾತ್ರ ಅದು ಸಿಗುವುದಿಲ್ಲ. ಚೆಕ್ಕು ಅಥವಾ ಬ್ಯಾಂಕಿನ ಮೂಲಕ ಕೊಡಿ.

ನಿಮ್ಮ ಸಂಘದಲ್ಲಿ ಹೀಗೆ ಆರಂಭಿಸಿ

ಲೆಕ್ಕ ಸುಲಭ. ನೂರು ಸದಸ್ಯೆಯರಿರುವ ಸಂಘದಲ್ಲಿ ಒಬ್ಬೊಬ್ಬರು ತಿಂಗಳಿಗೆ 20 ರೂಪಾಯಿ ಕೊಟ್ಟರೆ ತಿಂಗಳಿಗೆ 2,000, ವರ್ಷಕ್ಕೆ 24,000 ರೂಪಾಯಿ. ಇದರಲ್ಲಿ ಒಬ್ಬ ಕ್ಷಯ ರೋಗಿಗೆ ಆರು ತಿಂಗಳ ಆಹಾರದ ಬುಟ್ಟಿ, ಹತ್ತು ಬಡ ಕುಟುಂಬಗಳ ಯಶಸ್ವಿನಿ ವಂತಿಗೆ ಕೊಟ್ಟ ಮೇಲೂ ರಾತ್ರಿ ಹೊತ್ತಿನ ಗಾಡಿ ಬಾಡಿಗೆಗೆ, ಮಾತ್ರೆಗೆ ಹದಿಮೂರು ಸಾವಿರ ಉಳಿಯುತ್ತದೆ. ಹನಿ ಹನಿಗೂಡಿದರೆ ಹಳ್ಳ ಅನ್ನುವುದು ಇದನ್ನೇ.

1. ಮುಂದಿನ ಸಭೆಯಲ್ಲಿ ವಿಷಯ ಇಡಿ. ವಾರ್ಷಿಕ ಮಹಾಸಭೆಯಲ್ಲಿ ನಿವ್ವಳ ಲಾಭ ವಿಲೇವಾರಿ ಪಟ್ಟಿ ಓದುವಾಗ ಧರ್ಮಾರ್ಥ ನಿಧಿ ಎಂಬ ಸಾಲು ಇದೆಯೇ, ಅದರಲ್ಲಿ ಎಷ್ಟಿದೆ, ಯಾವುದಕ್ಕೆ ಬಳಸಿದ್ದಾರೆ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

2. ವಂತಿಗೆ ಕೊಡುವವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಒಪ್ಪದವರ ಬಟವಾಡೆಯಿಂದ ಒಂದು ರೂಪಾಯಿಯನ್ನೂ ಹಿಡಿಯಬಾರದು.

3. ಹಣಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ಇರಲಿ. ಮೂರು ಜನರ ಸಮಿತಿ ಮಾಡಿ, ಇಬ್ಬರ ಸಹಿ ಇಲ್ಲದೆ ಹಣ ತೆಗೆಯುವಂತಿಲ್ಲ ಎಂದು ತೀರ್ಮಾನಿಸಿ. ಪ್ರತಿ ತಿಂಗಳ ಜಮಾ ಖರ್ಚು ಸಂಘದ ಫಲಕದಲ್ಲಿ ಬರೆಯಿರಿ. ನೆರವು ಪಡೆದವರ ಹೆಸರು ಮಾತ್ರ ಬರೆಯಬೇಡಿ.

4. ಯಾರಿಗೆ, ಎಷ್ಟು, ಯಾವ ಕಾಗದ ನೋಡಿ ಕೊಡಬೇಕು ಎಂಬುದನ್ನು ಮೊದಲೇ ನಿಗದಿ ಮಾಡಿ. ಆಗ ಅಧ್ಯಕ್ಷರ ನೆಂಟರು, ಪರಿಚಯದವರು ಎಂಬ ಮಾತು ಬರುವುದಿಲ್ಲ.

5. ಹಸು ಕರೆಯುವ ಮುಯ್ಯಾಳಿಗೆ ಬೀದಿಗೆ ಇಬ್ಬರಂತೆ ಹೆಸರು ಬರೆದಿಡಿ.

6. ಯಶಸ್ವಿನಿ ನೋಂದಣಿಯ ಪಟ್ಟಿಯನ್ನು ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಿ. ಬಿಟ್ಟುಹೋದವರನ್ನು ಸೇರಿಸಿ.

ಸಹೋದರಿಯರೇ, ಒಬ್ಬರ ಮನೆಯ ನಾಲ್ಕು ಲೀಟರ್ ಹಾಲಿಗೆ ಪೇಟೆಯಲ್ಲಿ ಬೆಲೆ ಕಟ್ಟಲು ಆಗುತ್ತಿರಲಿಲ್ಲ. ಊರಿನ ಹಾಲೆಲ್ಲ ಒಂದು ಕಡೆ ಸೇರಿಸಿದ್ದಕ್ಕೆ ಸಂಘ ಆಯಿತು, ಒಕ್ಕೂಟ ಆಯಿತು. ಹಾಲಿಗೆ ಮಾಡಿದ್ದನ್ನೇ ರೋಗಿಗಳ ನೆರವಿಗೂ ಮಾಡಬಹುದು. ನಾಳೆ ಸಾಲಿನಲ್ಲಿ ನಿಂತಾಗ ಒಬ್ಬ ಸದಸ್ಯೆ ಬಂದಿಲ್ಲವೆಂದು ಗೊತ್ತಾದರೆ, ಅವರ ಹಸುವನ್ನು ಯಾರು ಕರೆದರು ಎಂದು ಮೊದಲು ಕೇಳಿ.